ಅಟ್ಟದ ಹಲಗೆ, ಅಡುಗೆ ಕಟ್ಟೆ ಮತ್ತು ಪಲ್ಯ ಒಲ್ಲದ ಮಗಳು

ನಮ್ಮ ಅಡುಗೆ ಕಟ್ಟೆ ನೆಲದಿಂದ 84 ಸೆಂಟಿಮೀಟರ್ ಎತ್ತರದಲ್ಲಿದೆ. ಎರಡೂವರೆ ವರ್ಷದ ಮಗಳ ಎತ್ತರ 88. ಅವಳು ಕಟ್ಟೆಯ ಮುಂದೆ ನಿಂತರೆ ಕಣ್ಣು ಗ್ರಾನೈಟಿನ ಅಂಚಿಗಿಂತ ಕೆಳಗೇ ಉಳಿಯುತ್ತದೆ. ಅವಳಿಗೆ ಕಾಣುವುದು ಗ್ಯಾಸ್ ಸಿಲಿಂಡರ್, ಜೋಳದ ಹಿಟ್ಟಿನ ಡಬ್ಬಿ ಮತ್ತು ನನ್ನ ಮೊಣಕಾಲು. ಮೇಲೆ ನಾನು ಏನು ಹೆಚ್ಚುತ್ತಿದ್ದೇನೆ, ಯಾವುದನ್ನು ತೊಳೆಯುತ್ತಿದ್ದೇನೆ ಎಂಬುದು ಅವಳಿಗೆ ತಿಳಿಯುವುದೇ ಇಲ್ಲ. ಅರ್ಧ ಗಂಟೆಯ ನಂತರ ಹಸಿರು ಬಣ್ಣದ, ಮೆತ್ತಗಿನ, ಉಗಿಯಾಡುವ ಏನೋ ಒಂದು ತಟ್ಟೆಗೆ ಬರುತ್ತದೆ. ತಿನ್ನು ಎನ್ನುತ್ತೇವೆ. ಒಲ್ಲೆ ಎನ್ನುತ್ತಾಳೆ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಹಾಗೆಂದು ಅವಳು ಉಪವಾಸವಿರುವ ಮಗುವಲ್ಲ. ಬಿಸಿ ರೊಟ್ಟಿಗೆ ತುಪ್ಪ ಬೆಲ್ಲ ಹಚ್ಚಿಕೊಟ್ಟರೆ ಎರಡನೆಯದಕ್ಕೆ ಕೈ ಚಾಚುತ್ತಾಳೆ. ಮೊಸರನ್ನ, ಚುರುಮುರಿ, ಬಿಸ್ಕತ್ತು, ಹಾಲು ಎಲ್ಲವೂ ನಡೆಯುತ್ತವೆ. ಒಗ್ಗರಣೆ ಅವಲಕ್ಕಿಯಲ್ಲಿ ಕೊತ್ತಂಬರಿಯ ಒಂದು ಎಸಳು ಸಿಕ್ಕರೂ ಅದನ್ನು ಎರಡು ಬೆರಳಿನಿಂದ ಎತ್ತಿ ತಟ್ಟೆಯ ಅಂಚಿಗೆ ಇಡುತ್ತಾಳೆ. ಬಾಳೆಹಣ್ಣು, ಚಿಕ್ಕು, ಪೇರಲ ಯಾವುದನ್ನು ತಂದರೂ ಮುಖ ತಿರುಗಿಸುತ್ತಾಳೆ. ತೋಟಗಾರಿಕೆಗೆಂದೇ 2008ರಲ್ಲಿ ವಿಶ್ವವಿದ್ಯಾಲಯ ಬಂದ ಊರು ನಮ್ಮ ಬಾಗಲಕೋಟೆ. ಸುತ್ತಮುತ್ತ ದಾಳಿಂಬೆ ತೋಟಗಳಿವೆ. ಆದರೂ ನಮ್ಮ ಮನೆಯಲ್ಲಿ ಹಣ್ಣಿನ ಬುಟ್ಟಿಯನ್ನು ಖಾಲಿ ಮಾಡುವವರು ಮಾವನವರು ಒಬ್ಬರೇ.

ಇದಕ್ಕೆ ಶರೀರದ ಕಾರಣವೂ ಇದೆ. ಹುಟ್ಟಿದಾಗಿನ ತೂಕ ಮೊದಲ ವರ್ಷದಲ್ಲಿ ಮೂರು ಪಟ್ಟಾಗುತ್ತದೆ. ಎರಡನೆಯ ವರ್ಷದಲ್ಲಿ ಏರುವುದು ಎರಡು, ಎರಡೂವರೆ ಕಿಲೊ ಮಾತ್ರ. ಬೆಳವಣಿಗೆ ನಿಧಾನವಾದ ಹಾಗೆ ಹಸಿವೂ ಇಳಿಯುತ್ತದೆ. ಅದೇ ಹೊತ್ತಿಗೆ ಮಗು ನಡೆಯಲು ಕಲಿತು, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕಿಕೊಳ್ಳುವ ಅಪಾಯದ ವಯಸ್ಸಿಗೆ ಬಂದಿರುತ್ತದೆ. ಗುರುತಿಲ್ಲದ ಎಲೆಗೆ, ಕಹಿಗೆ ಹೆದರುವುದು ಆಗ ಅದಕ್ಕೆ ರಕ್ಷಣೆ. ಸುಮಾರು ಎರಡರಿಂದ ಆರು ವರ್ಷದವರೆಗೆ ಈ ಅಂಜಿಕೆ ಹೆಚ್ಚು. ಒಂದು ಹೊಸ ರುಚಿ ಒಗ್ಗಲು ಎಂಟರಿಂದ ಹದಿನೈದು ಸಲ ಅದರ ಪರಿಚಯವಾಗಬೇಕು ಎಂದು ಮಕ್ಕಳ ಆಹಾರದ ಸಂಶೋಧಕರು ಹೇಳುತ್ತಾರೆ. ಹೆಚ್ಚಿನ ಮನೆಗಳಲ್ಲಿ ಮೂರನೆಯ ಸಲಕ್ಕೇ "ಇವಳಿಗೆ ಇದು ಸೇರುವುದಿಲ್ಲ" ಎಂಬ ತೀರ್ಪು ಬಂದುಬಿಡುತ್ತದೆ.

ಅಷ್ಟು ಸಲದ ಪರಿಚಯ ಊಟದ ತಟ್ಟೆಯಲ್ಲೇ ಆಗಬೇಕೆಂದರೆ ಮನೆ ರಣರಂಗವಾಗುತ್ತದೆ. ಅತ್ತೆಯವರು ಚಿಕ್ಕವರಿದ್ದಾಗ ಅಡುಗೆ ನೆಲದ ಮೇಲೆ ನಡೆಯುತ್ತಿತ್ತು. ಒಲೆ ನೆಲದಲ್ಲಿ, ಈಳಿಗೆ ನೆಲದಲ್ಲಿ, ಸೊಪ್ಪು ಸೋಸುವುದು ಹೊಸ್ತಿಲ ಬಳಿ. ಮಕ್ಕಳು ಪಕ್ಕದಲ್ಲೇ ಕುಳಿತು ಮೆಂತ್ಯದ ಎಲೆ ಹರಿಯುತ್ತ, ಸೌತೆಕಾಯಿಯ ತುದಿಗಾಗಿ ಜಗಳವಾಡುತ್ತ ಬೆಳೆಯುತ್ತಿದ್ದರು. ಕಟ್ಟೆ ಬಂದು ನಮ್ಮ ಸೊಂಟಕ್ಕೆ ಸುಖವಾಯಿತು, ಮಗು ಮಾತ್ರ ಕೆಳಗೆ ಉಳಿಯಿತು. ಪುನಃ ನೆಲಕ್ಕಿಳಿಯುವ ಆಸೆ ನನಗಿಲ್ಲ. ಆದ್ದರಿಂದ ಅವಳನ್ನೇ ಮೇಲಕ್ಕೆತ್ತಬೇಕು: ಸುತ್ತ ಕಟಾಂಜನವಿರುವ, ಉರುಳದ, ಕಟ್ಟೆಗೆ ಒತ್ತಿ ನಿಲ್ಲಿಸಬಹುದಾದ ಒಂದು ನಿಲುಮಣೆ ಬೇಕು. ಪೇಟೆಯಲ್ಲಿ ಸಿಗುವ ಪ್ಲಾಸ್ಟಿಕ್ ಸ್ಟೂಲು ಈ ಕೆಲಸಕ್ಕೆ ಬಾರದು. ಅದರ ಮೇಲೆ ನಿಂತ ಮಗುವನ್ನು ಒಂದು ಕೈಯಲ್ಲಿ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಈರುಳ್ಳಿ ಹೆಚ್ಚಲು ಯಾರಿಂದಲೂ ಆಗದು.

ಮರ

ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಗುಂಟ ಏರಿಬಂದು ಹಳೆಯ ಊರಿನ ಓಣಿಗಳನ್ನು ಬಿಡಬೇಕಾದಾಗ, ಜನ ಹೊಸದಾಗಿ ಕಟ್ಟಿದ ನವನಗರಕ್ಕೆ ಬಾಗಿಲು, ತೊಲೆ, ಕಂಬಗಳನ್ನು ಕಿತ್ತುಕೊಂಡು ಬಂದರು. ಮಾವನವರೂ ತಂದರು. ಕೆಲವು ಈ ಮನೆಗೆ ಸೇರಿದವು. ಉಳಿದವು ಹಿಂದಿನ ತಗಡಿನ ಶೆಡ್ಡಿನಲ್ಲಿ ಇಷ್ಟು ವರ್ಷ ಒರಗಿದ್ದವು. "ಸಾಗವಾನಿ, ಯವ್ವಾ. ಒಲೆಗೆ ಹಾಕಬೇಡ ಎಂದು ಅಷ್ಟೇ ಕೇಳುತ್ತೇನೆ" ಎಂದರು. ಒಲೆಗೆ ಹಾಕುವ ಉದ್ದೇಶ ನನಗಿರಲಿಲ್ಲ.

ಶೆಡ್ಡಿನಲ್ಲಿದ್ದವು ಎರಡು ಬಗೆ: ಹಸಿರು ಬಣ್ಣ ಬಳಿದ ಕಿಟಕಿಯ ಚೌಕಟ್ಟುಗಳು ಮತ್ತು ಬಣ್ಣವನ್ನೇ ಕಾಣದ ಅಟ್ಟದ ಹಲಗೆಗಳು. ಚೌಕಟ್ಟುಗಳ ಮರ ನೇರವಾಗಿತ್ತು, ಅಳತೆಗೆ ಸರಿಯಾಗಿತ್ತು, ಅದನ್ನು ಬಳಸಿದ್ದರೆ ಕೆಲಸ ಅರ್ಧಕ್ಕರ್ಧ ಕಡಿಮೆಯಾಗುತ್ತಿತ್ತು. ಆದರೂ ಮುಟ್ಟಲಿಲ್ಲ. ಹಳೆಯ ಎಣ್ಣೆ ಬಣ್ಣಗಳಲ್ಲಿ ಸೀಸ ಇರುತ್ತದೆ. ನಮ್ಮ ದೇಶದಲ್ಲಿ ಮನೆಬಳಕೆಯ ಬಣ್ಣದಲ್ಲಿನ ಸೀಸಕ್ಕೆ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮಿತಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅಂಥ ಬಣ್ಣವನ್ನು ಉಜ್ಜಿದರೆ ಸೀಸದ ಧೂಳು ಅಂಗಳದ ತುಂಬ ಹರಡುತ್ತದೆ, ಉಜ್ಜದೆ ಬಿಟ್ಟರೆ ಕಟಾಂಜನವನ್ನು ಕಚ್ಚುವ ಮಗುವಿನ ಬಾಯಿಗೆ ಹೋಗುತ್ತದೆ. ಈ ವಯಸ್ಸಿನ ಮಕ್ಕಳು ಕಟಾಂಜನವನ್ನು ಕಚ್ಚಿಯೇ ಕಚ್ಚುತ್ತಾರೆ. ಹಾಗಾಗಿ ಅಟ್ಟದ ಹಲಗೆಗಳೇ ಸರಿ ಎಂದುಕೊಂಡೆ. ಅವು ಕಪ್ಪಗೆ ಹೊಗೆ ಹಿಡಿದಿದ್ದವು, ಅಲ್ಲಲ್ಲಿ ಬಾಗಿದ್ದವು.

ಸಾಮಿಲ್ಲಿನವರು ಹಳೆಯ ಮರವನ್ನು ಸೀಳಲು ಸುಲಭಕ್ಕೆ ಒಪ್ಪುವುದಿಲ್ಲ. ಒಂದು ಮೊಳೆ ಒಳಗಿದ್ದರೂ ಅವರ ಗರಗಸದ ಹಲ್ಲು ಹೋಗುತ್ತದೆ. ಕೆಟ್ಟ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಹಲಗೆಯ ಮೇಲೆ ನಿಧಾನವಾಗಿ ಆಡಿಸಿದರೆ ಮೊಳೆಯಿದ್ದಲ್ಲಿ ಅದು ವಾಲುತ್ತದೆ. ಕಮ್ಮಾರ ಬಡಿದ ಚೌಕ ಮೊಳೆಗಳು ಬಂದವು, ತಲೆ ಮುರಿದವನ್ನು ಸುತ್ತ ಕೊರೆದು ಇಕ್ಕಳದಿಂದ ಎಳೆಯಬೇಕಾಯಿತು. ಹಲಗೆಯ ಅಂಚಿನಲ್ಲಿ ತಿಳಿ ಬಣ್ಣದ ಭಾಗವನ್ನು ಗೆದ್ದಲು ತಿಂದಿತ್ತು. ಸಾಗವಾನಿಯ ಒಳತಿರುಳು ಗೆದ್ದಲಿಗೆ ಜಗ್ಗುವುದಿಲ್ಲ, ಹೊರಗಿನ ಎಳೆಮರಕ್ಕೆ ಆ ಶಕ್ತಿ ಇಲ್ಲ. ಆ ಅಂಚುಗಳನ್ನು ಪೂರ್ತಿ ತೆಗೆಸಿದೆ. ಸೀಳಿಸಿದ ಮೇಲೆ ಒಳಗಿನ ಜೇನುಬಣ್ಣ ಕಂಡು ಮಾವನವರು ಒಂದು ತುಂಡನ್ನು ಎತ್ತಿ ಮೂಸಿ ನೋಡಿದರು. ಹಳೆಯ ಮನೆಯ ಬಗ್ಗೆ ಅವರು ಅಂದು ಆಡಿದಷ್ಟು ಮಾತನ್ನು ನಾನು ಈ ಮನೆಗೆ ಬಂದಾಗಿನಿಂದ ಕೇಳಿರಲಿಲ್ಲ.

ಅಳತೆ

ಮಗು ನಿಂತು ಕೆಲಸ ಮಾಡಬೇಕಾದರೆ ಕಟ್ಟೆ ಅದರ ಮೊಣಕೈಗಿಂತ ತುಸು ಕೆಳಗಿರಬೇಕು. ಮಗಳ ಮೊಣಕೈ ನೆಲದಿಂದ 52 ಸೆಂ.ಮೀ. ಎತ್ತರದಲ್ಲಿದೆ. ಕಟ್ಟೆ 84. ನಿಲ್ಲುವ ಹಲಗೆಯನ್ನು 36 ಸೆಂ.ಮೀ.ಗೆ ಇಟ್ಟರೆ ಮೊಣಕೈ 88ಕ್ಕೆ ಬರುತ್ತದೆ, ಕಟ್ಟೆ ನಾಲ್ಕು ಸೆಂ.ಮೀ. ಕೆಳಗೆ. ಈ ವಯಸ್ಸಿನಲ್ಲಿ ಮಕ್ಕಳು ವರ್ಷಕ್ಕೆ ಏಳೆಂಟು ಸೆಂ.ಮೀ. ಬೆಳೆಯುತ್ತಾರೆ. ಅದಕ್ಕೆ 28 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಜೋಡಿ ಆಧಾರಪಟ್ಟಿಗಳನ್ನು ಈಗಲೇ ಹಾಕಿದೆ. ಮುಂದೆ ಹಲಗೆಯನ್ನು ಬಿಚ್ಚಿ ಕೆಳಗಿನ ಪಟ್ಟಿಗೆ ಕೂರಿಸಿದರಾಯಿತು.

ಕಟಾಂಜನದ ಎತ್ತರದಲ್ಲಿ ಜಿಪುಣತನ ಕೂಡದು. ಚಿಕ್ಕ ಮಕ್ಕಳ ತಲೆ ದೇಹಕ್ಕೆ ಹೋಲಿಸಿದರೆ ಭಾರ, ಹಾಗಾಗಿ ದೇಹದ ತೂಕದ ಕೇಂದ್ರ ನಮಗಿಂತ ಮೇಲಿರುತ್ತದೆ. ಸೊಂಟದವರೆಗಿನ ಕಟಾಂಜನದ ಮೇಲಿಂದ ಅವರು ಮಗುಚಿ ಬೀಳಬಲ್ಲರು. ನಾಲ್ಕೂ ಕಾಲುಗಳನ್ನು 92 ಸೆಂ.ಮೀ. ಮಾಡಿದೆ. ಅಕ್ಕಪಕ್ಕ ಮತ್ತು ಹಿಂಬದಿಯ ಮೇಲಿನ ಪಟ್ಟಿ ಅದೇ ಎತ್ತರಕ್ಕೆ, ಅಂದರೆ ಅವಳು ನಿಲ್ಲುವ ಹಲಗೆಯಿಂದ 56 ಸೆಂ.ಮೀ. ಮೇಲೆ. ಮುಂದಿನ ಪಟ್ಟಿ ಮಾತ್ರ 82ರಲ್ಲಿ, ಕಟ್ಟೆಯ ಅಂಚಿಗೆ ತಾಗಿ ನಿಲ್ಲುವಂತೆ.

ಪಟ್ಟಿಗಳ ನಡುವಿನ ಸಂದು ಇದಕ್ಕಿಂತ ಮುಖ್ಯ. ಆಟದ ಮೈದಾನದ ಉಪಕರಣಗಳಿಗೆ ಪಾಲಿಸುವ ನಿಯಮ ಇಲ್ಲಿಗೂ ಹೊಂದುತ್ತದೆ: ಸಂದು ಸುಮಾರು 9 ಸೆಂ.ಮೀ.ಗಿಂತ ಕಡಿಮೆ ಇರಬೇಕು, ಇಲ್ಲವೇ 23 ಸೆಂ.ಮೀ.ಗಿಂತ ಹೆಚ್ಚಿರಬೇಕು. ನಡುವಿನ ಅಳತೆಯಲ್ಲಿ ಮೈ ನುಸುಳಿ ತಲೆ ಸಿಕ್ಕಿಕೊಳ್ಳುತ್ತದೆ. 7 ಸೆಂ.ಮೀ. ಅಗಲದ ಪಟ್ಟಿಗಳನ್ನು ಎಲ್ಲಿಯೂ 8 ಸೆಂ.ಮೀ. ಮೀರದ ಸಂದಿನಲ್ಲಿ ಜೋಡಿಸಿದೆ. ಹಲಗೆ 28ಕ್ಕೆ ಇಳಿದಾಗ ಅದರ ಮೇಲೆ ಹದಿನೈದು ಸೆಂ.ಮೀ. ಸಂದು ಬೀಳುತ್ತದೆ. ಅದನ್ನು ಮುಚ್ಚಲು ಪ್ರತಿ ಬದಿಗೆ ಇನ್ನೊಂದು ಪಟ್ಟಿ ಬೇಕಾಗುತ್ತದೆ. ಅವುಗಳನ್ನೂ ಕತ್ತರಿಸಿ, ಹಿಂದೆ ಹೆಸರು ಬರೆದು ಶೆಡ್ಡಿನಲ್ಲಿ ಇಟ್ಟಿದ್ದೇನೆ.

ಕೂಡಿಸಿದ್ದು

ಕಾಲುಗಳ ಚೌಕ 42 ಸೆಂ.ಮೀ. ಅಡಿಯಲ್ಲಿ ಇಷ್ಟೇ ಅಗಲವಿದ್ದರೆ ಮಗು ಪಕ್ಕದ ಪಟ್ಟಿಗೆ ಜೋತುಬಿದ್ದಾಗ ಉರುಳುವ ಭಯವಿದೆ. ಕಾಲುಗಳನ್ನು ಓರೆಯಾಗಿ ನಿಲ್ಲಿಸುವುದು ಬಡಿಗೇರರ ಕೈಯ ಕೆಲಸ, ನನ್ನದಲ್ಲ. ಕಾಲುಗಳನ್ನು ನೇರ ನಿಲ್ಲಿಸಿ, ಅಡಿಗೆ 62 ಸೆಂ.ಮೀ. ಉದ್ದದ ಎರಡು ದಪ್ಪ ಅಡಿಪಟ್ಟಿಗಳನ್ನು ಅಡ್ಡಕ್ಕೆ ಹಾಕಿದೆ. ಅವು ಎಡಕ್ಕೂ ಬಲಕ್ಕೂ ಹತ್ತು ಸೆಂ.ಮೀ. ಚಾಚಿಕೊಂಡಿವೆ. ಹಿಂದಕ್ಕೂ ಒಂದು ಜೋಡಿ ಗಿಡ್ಡ ಪಟ್ಟಿಗಳು ಅಷ್ಟೇ ಚಾಚಿವೆ. ತುದಿಗಳನ್ನು ದುಂಡಗೆ ಉಜ್ಜದಿದ್ದರೆ ದೊಡ್ಡವರ ಕಿರುಬೆರಳಿಗೆ ಗ್ರಹಚಾರ.

ಸಾಗವಾನಿಯಲ್ಲಿ ಎಣ್ಣೆಯ ಅಂಶವಿದೆ. ಅಂಟು ಅದಕ್ಕೆ ಸರಿಯಾಗಿ ಹಿಡಿಯುವುದಿಲ್ಲ. ಕೂಡುವ ಮೈಯನ್ನು ಅಂಟಿಸುವ ಹೊತ್ತಿಗೇ ಉಜ್ಜಿ, ಥಿನ್ನರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಅದು ಆರಿದ ಕೂಡಲೇ ಫೆವಿಕಾಲ್ ಹಚ್ಚಬೇಕು. ಅಂಟನ್ನಷ್ಟೇ ನಂಬದೆ ಪ್ರತಿ ಕೂಡಿಗೂ ಎರಡೆರಡು ಸ್ಕ್ರೂ ಹಾಕಿದೆ. 4 ಮಿ.ಮೀ. ಸ್ಕ್ರೂವಿಗೆ ಮೊದಲು 3 ಮಿ.ಮೀ. ತೂತು. ಒಣಗಿ ಒಣಗಿ ಕಲ್ಲಾದ ಮರ ಇದು, ತೂತಿಲ್ಲದೆ ಸ್ಕ್ರೂ ತಿರುಗಿಸಿದರೆ ತುದಿ ಸೀಳುತ್ತದೆ ಅಥವಾ ಸ್ಕ್ರೂವಿನ ಕುತ್ತಿಗೆ ಮುರಿಯುತ್ತದೆ. ತಲೆಗಳು ಮರದೊಳಕ್ಕೆ ಇಳಿಯುವಂತೆ ಬಾಯಿ ಅಗಲಿಸಿದೆ. ನಾಲ್ಕು ಕಾಲು ನೆಟ್ಟಗಿವೆಯೇ ಎಂದು ನೋಡಲು ಮೂಲೆಮಟ್ಟಕ್ಕಿಂತ ಕರ್ಣದ ಅಳತೆ ಮೇಲು. ಎದುರುಬದುರು ಮೂಲೆಗಳ ಎರಡೂ ಅಳತೆ ಒಂದೇ ಆದರೆ ಚೌಕ ಸರಿ.

ಹಿಂಬದಿಯ ಬಾಗಿಲು ನನ್ನನ್ನು ಹೆಚ್ಚು ಕಾಡಿತು. ಮಗು ಹತ್ತಲು ಹಿಂದೆ ತೆರೆದಿರಬೇಕು, ಹತ್ತಿದ ಮೇಲೆ ಮುಚ್ಚಬೇಕು. ಹೊರಕ್ಕೆ ತೆರೆಯುವ ಬಾಗಿಲಾದರೆ ಅವಳು ಒರಗಿದಾಗ ಇಡೀ ಭಾರ ಒಂದು ಚಿಲಕದ ಮೇಲೆ ಬೀಳುತ್ತದೆ. ಒಳಕ್ಕೆ ತೆರೆಯಲು ಒಳಗೆ ಜಾಗವಿಲ್ಲ. ಉತ್ತರ ಕೊಟ್ಟವರು ಮಾವನವರು: ಕಬ್ಬಿನ ಟ್ರ್ಯಾಕ್ಟರ್ ಟ್ರಾಲಿಯ ಹಿಂದಿನ ಹಲಗೆಯ ಹಾಗೆ ಮೇಲಿನಿಂದ ಇಳಿಸು ಎಂದರು. ಎರಡು ಹಿಂಗಾಲುಗಳ ಒಳಮೈಗೆ ಎರಡೆರಡು ಸಣ್ಣ ರೀಪುಗಳನ್ನು 22 ಮಿ.ಮೀ. ಅಂತರದಲ್ಲಿ ಹೊಡೆದರೆ ತೋಡು ಸಿದ್ಧ. ಅದರಲ್ಲಿ 20 ಮಿ.ಮೀ. ದಪ್ಪದ ಪಟ್ಟಿಗಳ ಕದ ಮೇಲಿನಿಂದ ಇಳಿಯುತ್ತದೆ. ಮಗು ಒರಗಿದಷ್ಟೂ ಕದ ತೋಡಿಗೆ ಒತ್ತಿಕೊಳ್ಳುತ್ತದೆ. ಎತ್ತಿ ತೆಗೆಯುವುದು ದೊಡ್ಡವರಿಗೆ ಒಂದು ಕ್ಷಣದ ಕೆಲಸ, ಒಳಗಿರುವವರಿಗೆ ಅಸಾಧ್ಯ. ಹತ್ತಲು 18 ಸೆಂ.ಮೀ. ಎತ್ತರದಲ್ಲಿ ಒಂದು ಮೆಟ್ಟಿಲು.

ಮೈಗೆ ಹಚ್ಚಿದ್ದು ಗಾಣದ ಅಗಸೆ ಎಣ್ಣೆ, ನಾವು ತಿನ್ನುವಂಥದ್ದೇ. ಬಡಗಿ ಸಾಮಾನಿನ ಅಂಗಡಿಯಲ್ಲಿ ಸಿಗುವ 'ಕುದಿಸಿದ' ಅಗಸೆ ಎಣ್ಣೆ ಬೇಗ ಒಣಗುತ್ತದೆ, ಆದರೆ ಬೇಗ ಒಣಗಲೆಂದು ಅದಕ್ಕೆ ಲೋಹದ ಲವಣಗಳನ್ನು ಬೆರೆಸಿರುತ್ತಾರೆ. ಮಗುವಿನ ಬಾಯಿ ತಾಗುವ ಮರಕ್ಕೆ ಅದು ಬೇಡ. ಹಸಿ ಎಣ್ಣೆ ಒಣಗಲು ವಾರಗಳೇ ಬೇಕು. ತೆಳ್ಳಗೆ ಹಚ್ಚಿ, ಉಳಿದದ್ದನ್ನು ಪೂರ್ತಿ ಒರೆಸಿ, ಮಾಳಿಗೆಯ ಬಿಸಿಲಿಗೆ ಇಡಬೇಕು, ಬಾಗಲಕೋಟೆಯಲ್ಲಿ ಬಿಸಿಲಿಗೇನು ಬರವಿಲ್ಲ. ಇಲ್ಲಿ ಒಂದು ಎಚ್ಚರಿಕೆ: ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಕೂಡಿ ಒಣಗುವಾಗ ಬಿಸಿ ಹುಟ್ಟುತ್ತದೆ, ಮುದ್ದೆಯೊಳಗೆ ಆ ಬಿಸಿ ಹೊರಗೆ ಹೋಗದೆ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಬೇಕು.

ನಮ್ಮ ಅಡುಗೆಮನೆಯ ನೆಲ ಶಹಾಬಾದ್ ಪರಸಿಯದು, ಒಂದು ಕಲ್ಲು ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಎತ್ತರ. ಮಣೆ ಅಲುಗಾಡಿತು. ಕಾಲು ಕೊರೆಯುವ ಬದಲು ಸೈಕಲ್ ಟ್ಯೂಬನ್ನು ಕತ್ತರಿಸಿ ಅಡಿಪಟ್ಟಿಗಳ ಕೆಳಗೆ ಅಂಟಿಸಿದೆ. ಅಲುಗಾಟವೂ ನಿಂತಿತು, ಜಾರುವುದೂ ನಿಂತಿತು.

ಪರೀಕ್ಷೆಗೆ ಜೋಳದ ಚೀಲ. ಮಗಳ ತೂಕದ ಎರಡರಷ್ಟು ಜೋಳವನ್ನು ಹಲಗೆಯ ಮೇಲಿಟ್ಟು ಒಂದು ರಾತ್ರಿ ಬಿಟ್ಟೆ. ಪಕ್ಕದ ಪಟ್ಟಿಗೆ ತುಂಬಿದ ಬಕೆಟ್ ನೇತುಹಾಕಿದೆ. ಅಡಿಪಟ್ಟಿ ಕಟಾಂಜನಕ್ಕಿಂತ ಹೊರಗೆ ಚಾಚಿರುವವರೆಗೆ ನೇತಾಡುವ ಭಾರಕ್ಕೆ ಮಣೆ ಉರುಳುವುದಿಲ್ಲ. ಉರುಳಿಸುವುದು ಅಡ್ಡ ತಳ್ಳಾಟ. ಅದಕ್ಕಾಗಿ ನಾನೇ ಮೇಲಿನ ಪಟ್ಟಿ ಹಿಡಿದು ಬಲವಾಗಿ ತಳ್ಳಿ ನೋಡಿದೆ, ಪತಿಯವರೂ ನೋಡಿದರು. ಹಿಂದಿನ ಕಾಲು ಏಳಲು ದೊಡ್ಡವರ ಬಲ ಬೇಕಾಯಿತು.

ಮಣೆ ಒಲೆಯ ಕಡೆಗೆ ಎಂದೂ ಹೋಗುವುದಿಲ್ಲ, ತೊಟ್ಟಿಯ ಬದಿಗೆ ಮಾತ್ರ. ಕುಕ್ಕರ್, ಸಿಡಿಯುವ ಸಾಸಿವೆ, ಹರಿತ ಚಾಕು ಇವೆಲ್ಲ ಅವಳ ಕೈ ಚಾಚಿದರೂ ಸಿಗದಷ್ಟು ದೂರ. ನಾವು ಅಡುಗೆಮನೆಯಲ್ಲಿ ಇಲ್ಲದಾಗ ಮಣೆಯೂ ಅಲ್ಲಿರುವುದಿಲ್ಲ, ರೆಗ್ಯುಲೇಟರ್ ಬಂದ್ ಇರುತ್ತದೆ. ಹತ್ತುವುದನ್ನು ಕಲಿತ ಮಗು ಕೇಳಿ ಹತ್ತುವುದಿಲ್ಲ.

ಮೇಲೆ ನಿಂತ ಮೇಲೆ

ಅತ್ತೆಯವರು ಇದಕ್ಕೆ ಮಂಚಿಕೆ ಎಂದು ಹೆಸರಿಟ್ಟರು. ಮಗಳಿಗೆ ಕೊಟ್ಟ ಮೊದಲ ಕೆಲಸ ಕರಿಬೇವನ್ನು ನೀರಿನಲ್ಲಿ ಮುಳುಗಿಸುವುದು. ಆಮೇಲೆ ಮೆಂತ್ಯದ ಕಂತೆ. ಎಲೆ ಬೇರೆ, ದಂಟು ಬೇರೆ ಎಂಬುದು ಅವಳಿಗೆ ಮುಖ್ಯವಲ್ಲ, ಎಲ್ಲವನ್ನೂ ಹರಿದು ಗುಡ್ಡೆ ಹಾಕುತ್ತಾಳೆ. ಇಂಡಿ ಊರಿನ ನಿಂಬೆಹಣ್ಣಿನ ಹೋಳನ್ನು ಹಿಂಡಿ, ಬೆರಳು ನೆಕ್ಕಿ, ಮುಖ ಕಿವುಚಿ ಮತ್ತೆ ಹಿಂಡುತ್ತಾಳೆ. ಪೋಷಣೆಯ ಲೆಕ್ಕದಲ್ಲಿಯೂ ನಿಂಬೆ ಲಾಭವೇ: ಅದರಲ್ಲಿರುವ ಸಿ ಜೀವಸತ್ವ ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ. ದಾಳಿಂಬೆ ಬಿಡಿಸುವುದು ಅವಳ ಮೆಚ್ಚಿನ ಕೆಲಸ. ಗೋಡೆ, ಅಂಗಿ, ಮಣೆಯ ಪಟ್ಟಿ ಎಲ್ಲವೂ ಕೆಂಪಾಗುತ್ತವೆ. ಬಟ್ಟಲಿಗಿಂತ ಬಾಯಿಗೆ ಹೋದ ಕಾಳೇ ಹೆಚ್ಚು ಎಂಬುದನ್ನು ನಾವು ಯಾರೂ ಎತ್ತಿ ಆಡುವುದಿಲ್ಲ. ಅತ್ತೆಯವರಿಗೆ ಇದು ಕಷ್ಟ. "ನೋಡು, ನನ್ನ ಬಂಗಾರ ಹಣ್ಣು ತಿಂದಳು!" ಎಂದು ಚಪ್ಪಾಳೆ ತಟ್ಟುವ ಆಸೆ ಅವರದು. ಚಪ್ಪಾಳೆ ಕೇಳಿದ ಕೂಡಲೇ ಅವಳು ಕಾಳನ್ನು ಉಗುಳಿ ನಮ್ಮ ಮುಖ ನೋಡುತ್ತಾಳೆ.

ಕೊಡುವ ವಸ್ತುವಿನ ಆಕಾರದಲ್ಲಿ ಎಚ್ಚರ ಬೇಕು. ದ್ರಾಕ್ಷಿಯನ್ನು ಇಡಿಯಾಗಿ ಕೊಡುವುದಿಲ್ಲ, ಉದ್ದಕ್ಕೆ ನಾಲ್ಕು ಸೀಳು. ಹಸಿ ಗಜ್ಜರಿಯನ್ನು ಹೆರೆದು ಮಾತ್ರ. ಇಡೀ ಶೇಂಗಾ ಮಣೆಯ ಹತ್ತಿರಕ್ಕೂ ಬರುವುದಿಲ್ಲ. ಶ್ವಾಸನಾಳದಲ್ಲಿ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಇವು ಮುಂಚೂಣಿಯವು. ಚಟ್ನಿಪುಡಿಯಾದರೆ ಅಡ್ಡಿಯಿಲ್ಲ.

ಊಟದ ಹೊತ್ತಿನ ನಿಯಮಗಳನ್ನೂ ಬದಲಿಸಿದೆವು. ಯಾವುದು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೈಯಲ್ಲಿ, ತಿನ್ನಬೇಕೇ, ಎಷ್ಟು ತಿನ್ನಬೇಕು ಎಂಬುದು ಮಗುವಿನ ಕೈಯಲ್ಲಿ ಎಂದು ಅಮೆರಿಕದ ಆಹಾರ ತಜ್ಞೆ ಎಲಿನ್ ಸ್ಯಾಟರ್ ಹೇಳುವ ಹಂಚಿಕೆ ನನಗೆ ಒಪ್ಪಿಗೆಯಾಯಿತು. ತಟ್ಟೆಯಲ್ಲಿ ಅವಳಿಗೆ ಗುರುತಿರುವ ರೊಟ್ಟಿ ಯಾವಾಗಲೂ ಇರುತ್ತದೆ, ಜೊತೆಗೆ ಅವಳೇ ಸೋಸಿದ ಸೊಪ್ಪಿನ ಪಲ್ಯ ಬೆರಳ ತುದಿಯಷ್ಟು. ಪಲ್ಯ ತಿಂದರೆ ಬಿಸ್ಕತ್ತು ಎಂಬ ವ್ಯಾಪಾರ ನಿಂತಿತು, ಆ ವ್ಯಾಪಾರದಿಂದ ಮಗುವಿಗೆ ಗಟ್ಟಿಯಾಗುವುದು ಬಿಸ್ಕತ್ತಿನ ಬೆಲೆ ಮಾತ್ರ. ಮೊಬೈಲ್ ತೋರಿಸಿ ತುತ್ತು ತುರುಕುವುದೂ ನಿಂತಿತು. ಹಾಲನ್ನು ದಿನಕ್ಕೆ ಅರ್ಧ ಲೀಟರಿನೊಳಗೆ ತಂದೆವು. ಇದು ಎಲ್ಲಕ್ಕಿಂತ ಬೇಗ ಫಲ ಕೊಟ್ಟ ಬದಲಾವಣೆ. ಹಾಲು ಹೆಚ್ಚಾದರೆ ಹೊಟ್ಟೆ ತುಂಬಿ ಊಟ ಬೇಡವಾಗುತ್ತದೆ, ರಕ್ತಹೀನತೆಗೂ ದಾರಿಯಾಗುತ್ತದೆ.

ಮಗುವಿನ ತೂಕ ಇಳಿಯುತ್ತಿದ್ದರೆ, ಪ್ರತಿ ತುತ್ತಿಗೂ ಓಕರಿಸಿದರೆ ಅಥವಾ ಉಸಿರುಗಟ್ಟಿದರೆ, ತಿನ್ನುತ್ತಿದ್ದ ವಸ್ತುಗಳೂ ಒಂದೊಂದಾಗಿ ಬಿಟ್ಟುಹೋಗುತ್ತಿದ್ದರೆ, ಮಣ್ಣು ಬಳಪ ತಿನ್ನುತ್ತಿದ್ದರೆ, ಮುಖ ಬಿಳಿಚಿಕೊಂಡಿದ್ದರೆ ಮರಗೆಲಸ ಬಿಟ್ಟು ಮಕ್ಕಳ ವೈದ್ಯರ ಬಳಿ ಹೋಗಬೇಕು.

ಸದ್ಯದ ಸ್ಥಿತಿ: ದಾಳಿಂಬೆ, ಸೌತೆಕಾಯಿ, ಹಸಿ ಬಟಾಣಿ ಒಪ್ಪಿಗೆ. ಬಟಾಣಿಯನ್ನು ಬೇಯಿಸಿದರೆ ಒಪ್ಪಿಗೆಯಿಲ್ಲ, ಆದ್ದರಿಂದ ಹಸಿಯದನ್ನೇ ಹಿಸುಕಿ ಚಪ್ಪಟೆ ಮಾಡಿ ಕೊಡುತ್ತೇನೆ. ಮೆಂತ್ಯ ಕೆಲವು ದಿನ ಉಂಟು, ಕೆಲವು ದಿನ ಇಲ್ಲ. ಬಾಳೆಹಣ್ಣನ್ನು ಮೊಂಡ ಚಾಕುವಿನಿಂದ ಅಚ್ಚುಕಟ್ಟಾಗಿ ಕತ್ತರಿಸಿ ಅಜ್ಜನಿಗೆ ತಿನ್ನಿಸುತ್ತಾಳೆ, ತಾನು ಮುಟ್ಟುವುದಿಲ್ಲ. ಎಣ್ಣೆಗಾಯಿ ಮಾಡುವ ದಿನ ಬದನೆಕಾಯಿಯ ತೊಟ್ಟಿನ ಮುಳ್ಳು ಚುಚ್ಚಿದ್ದರಿಂದ ಆ ಜಾತಿಯ ಜೊತೆ ಮಾತುಕತೆ ಮುರಿದಿದೆ.

ಮಣೆಯ ಮೇಲಿನ ಅರಿಸಿನದ ಕಲೆ ಹೋಗಿಲ್ಲ, ಹೋಗಲಿ ಎಂದು ನಾನು ಪ್ರಯತ್ನಿಸಿಯೂ ಇಲ್ಲ. ಎಣ್ಣೆ ಮಾತ್ರ ಆಗಾಗ ಹಚ್ಚಬೇಕು, ನೀರು ಬೀಳುವ ಮುಂದಿನ ಪಟ್ಟಿಗೆ ಹೆಚ್ಚು. ಇಳಕಲ್ಲಿನಲ್ಲಿರುವ ನಾದಿನಿ ತನ್ನ ಮಗನಿಗೂ ಒಂದು ಬೇಕೆಂದು, ಅಡಿಗೆ ಚಕ್ರ ಹಾಕಿಸೆಂದು ಫೋನಿನಲ್ಲಿ ಕೇಳಿದಳು. ಚಕ್ರ ಹಾಕುವುದಿಲ್ಲ, ಅದು ಬೇಕಾದರೆ ಬೇರೆಯವರಿಂದ ಮಾಡಿಸಿಕೊಳ್ಳಲಿ. ಅವಳ ಕಟ್ಟೆ 91 ಸೆಂ.ಮೀ., ಹುಡುಗನ ಮೊಣಕೈ 56. ಕಟ್ಟೆಯಿಂದ ಮೊಣಕೈ ಕಳೆದು ನಾಲ್ಕು ಕೂಡಿಸಿದರೆ ನಿಲ್ಲುವ ಹಲಗೆ 39ಕ್ಕೆ, ಕಟಾಂಜನ ಕನಿಷ್ಠ 95ಕ್ಕೆ. ಎತ್ತರ ಏರಿದ್ದರಿಂದ ಅಡಿಪಟ್ಟಿಯನ್ನು 66 ಸೆಂ.ಮೀ. ಮಾಡಬೇಕು. ಶೆಡ್ಡಿನಲ್ಲಿ ಅಟ್ಟದ ಹಲಗೆ ಇನ್ನೂ ನಾಲ್ಕಿವೆ, ಮೊಳೆ ತೆಗೆಯುವುದನ್ನು ಮಾವನವರು ಆಗಲೇ ಶುರುಮಾಡಿದ್ದಾರೆ.